ಹಳದಿ ದೀಪ ಆರಿಸಿದ ಮೇಲೆ

ಗೊರೂರಿನಿಂದ ಹಾಸನಕ್ಕೆ ಹೊರಡುವ ಕಿರಣ್‌ಕುಮಾರನ ಶಾಲಾ ವ್ಯಾನಿನಲ್ಲಿ ಪ್ರತಿ ಮಗುವಿನ ಕೈಯಲ್ಲೂ ಒಂದು ನಿಂಬೆಹಣ್ಣು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಲೆನೋವು, ವಾಕರಿಕೆ. ಗಾಡಿ ಆಗದ ಮಕ್ಕಳು ಎಂದು ತಾಯಂದಿರೇ ಮೂಸಿ ನೋಡಲು ಹಣ್ಣು ಕೊಟ್ಟು ಕಳಿಸುತ್ತಿದ್ದರು. ಕಿರಣನೂ ಹಾಗೇ ಅಂದುಕೊಂಡಿದ್ದ.

ಆ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಉಳಿದ ಮಕ್ಕಳೆಲ್ಲ ಇಳಿದರು. ಹಿಂದಿನ ಸೀಟಿನಲ್ಲಿದ್ದ ಅವನ ಮಗಳು ಧನುಶ್ರೀ ಕರೆದರೂ ಕಣ್ಣು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಹುಡುಗಿ ಚೇತರಿಸಿಕೊಂಡಳು. "ಹೊಗೆಯ ವಿಷ ಏರಿದೆ. ಉಳಿದ ಮಕ್ಕಳನ್ನೂ ಕರೆತನ್ನಿ. ಆ ಗಾಡಿ ತೋರಿಸಿ" ಎಂದರು ವೈದ್ಯರು.

ಶಾಲೆಯವರು ಉಳಿದ ಮಕ್ಕಳನ್ನೂ ಆಸ್ಪತ್ರೆಗೆ ಕರೆತಂದರು. ಹೆಂಡತಿ ಲತಾಳನ್ನು ಮಗಳ ಬಳಿ ಕೂರಿಸಿ, ಕಿರಣ ಹೊಗೆ ತಪಾಸಣೆ ಕೇಂದ್ರ ನಡೆಸುವ ಪ್ರೇಮಕುಮಾರಿಯನ್ನು ವ್ಯಾನಿನ ಬಳಿಗೆ ಕರೆತಂದ.

"ಹೊಗೆ ಎಲ್ಲೈತಕ್ಕಾ? ಹೋದ ತಿಂಗ್ಳು ಸ್ಟೇರಿಂಗ್ ಮುಂದೆ ಇಂಜಿನ್ನಿನ ಹಳದಿ ದೀಪ ಹತ್ಕಂಡಿತ್ತು, ನಿಜ. ಹೊಗೆ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ ರೀಡಿಂಗ್ ತಪ್ಪು ಅಂತ ಬಂತು. ಅರಕಲಗೂಡಲ್ಲಿ ಲ್ಯಾಪ್‌ಟಾಪ್ ಹಾಕಿ ಸಾಫ್ಟ್‌ವೇರಲ್ಲೇ ಸರಿ ಮಾಡ್ಸಿದೀನಿ. ದೀಪ ಆರೋಯ್ತು."

"ದೀಪ ಆರಿಸ್ದೆ. ತೂತು ಮುಚ್ಚಿಸಿದ್ಯಾ?"

"ಯಾವ ತೂತು?"

ಆಕೆ ಮುಂದಿನ ಸೀಟು ಎತ್ತಿ ಟಾರ್ಚ್ ಬಿಟ್ಟಳು. ಸೆನ್ಸರಿಗಿಂತ ಮುಂದೆ, ಇಂಜಿನ್ ಕಡೆಗೆ, ಸೈಲೆನ್ಸರ್ ಪೈಪು ಬಿರುಕು ಬಿಟ್ಟಿತ್ತು. ಸುತ್ತ ಕಪ್ಪು ಮಸಿ.

"ಸೆನ್ಸರ್ ಸುಳ್ಳು ಹೇಳಿರ್ಲಿಲ್ಲ ಕಣೋ. ಇಲ್ಲಿ ಹೊರಗಿನ ಗಾಳಿ ಪೈಪಿಗೆ ನುಗ್ತಿತ್ತು, ಅದ್ಕೇ ಆಮ್ಲಜನಕ ಜಾಸ್ತಿ ತೋರಿಸ್ತು. ಇದೇ ಬಿರುಕಲ್ಲಿ ಹೊಗೆ ಆಚೆ ಬಂದು, ತಳದಲ್ಲಿ ತುಕ್ಕು ಹಿಡಿದ ಸಂದಿಯಿಂದ ಮಕ್ಕಳ ಹತ್ರ ಹೋಗ್ತಿತ್ತು. ಎಚ್ಚರಿಸಿದ್ದರ ಬಾಯಿ ನೀನೇ ಮುಚ್ಚಿಸ್ದೆ."

"ವಾಸ್ನೆನೇ ಬರ್ಲಿಲ್ವಲ್ಲಕ್ಕಾ!"

"ಹೊಗೆಯೊಳಗಿನ ವಿಷ ಕಾರ್ಬನ್ ಮೊನಾಕ್ಸೈಡು. ಅದಕ್ಕೆ ವಾಸ್ನೆ ಇಲ್ಲ, ಬಣ್ಣಾನೂ ಇಲ್ಲ. ಅದು ನಿಂಬೆಹಣ್ಣಿಗೆ ಜಗ್ಗುತ್ತಾ?"

ಕಿರಣ ವ್ಯಾನನ್ನು ಗ್ಯಾರೇಜಿಗೆ ಎಳೆಸಿದ.

ಹೊಸ ಪೈಪು ಬಂತು, ತಳದ ಸಂದಿಗಳನ್ನು ಬೆಸೆಯಲಾಯಿತು, ಸಾಫ್ಟ್‌ವೇರು ಮೊದಲಿನಂತಾಯಿತು. ರೀಡಿಂಗ್ ತಾನಾಗಿ ಸರಿಹೋಯಿತು.

"ಇನ್ನೊಂದ್ಸಲ ದೀಪ ಹತ್ಕಂಡ್ರೆ?" ಲತಾ ಕೇಳಿದಳು.

"ಯಾಕೆ ಹತ್ಕಂತು ಅಂತ ಗೊತ್ತಾಗೋಗಂಟ ಮಕ್ಕಳನ್ನ ಹತ್ತಿಸಲ್ಲ."

ವ್ಯಾನು ತೊಳೆಯುವಾಗ ಹಿಂದಿನ ಸೀಟಿನ ಕೆಳಗೆ ಮಗಳ ನಿಂಬೆಹಣ್ಣು ಸಿಕ್ಕಿತು. ಅದರ ಮೇಲೆ ಉಗುರು ಊರಿದ ಗುರುತುಗಳಿದ್ದವು.

ವಾಹನ ಮಾಲೀಕರೇ, ಇಂಜಿನ್ ದೀಪ ಹತ್ತಿದರೆ ಆರಿಸಿಕೊಡಿ ಎನ್ನಬೇಡಿ, ಕಾರಣ ಹುಡುಕಿಸಿ. ರೀಡಿಂಗ್ ತಿದ್ದುವ ಮುನ್ನ ಪೈಪು ನೋಡಿಸಿ. ಹೆತ್ತವರೇ, ಒಂದೇ ಗಾಡಿಯ ಹಲವು ಮಕ್ಕಳಿಗೆ ತಲೆನೋವು ಬಂದು, ಇಳಿದ ಮೇಲೆ ಹಗುರಾದರೆ ಅದನ್ನು ಗಾಡಿ ಆಗದ ತೊಂದರೆ ಎಂದು ಬಿಡಬೇಡಿ. ಮಂಪರು ಕಂಡರೆ ತಕ್ಷಣ ಬಯಲು ಗಾಳಿಗೆ ಇಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆ ಬೆಳಿಗ್ಗೆ ಮಗುವಿನ ಕೈಗೆ ನಿಂಬೆಹಣ್ಣು ಕೊಡುವ ಮೊದಲು, ಗಾಡಿಯನ್ನೊಮ್ಮೆ ನೋಡಿ.