ಒಂದು ಗೆರೆಯಷ್ಟು ಓರೆ

ಮೂರನೇ ಗುಂಡುಪಿನ್ನನ್ನೂ ಕಿತ್ತು ಲೊವೈನಾ ತುಟಿಯಲ್ಲಿ ಕಚ್ಚಿಕೊಂಡಳು. ಹೆಣದ ಎದೆಯ ಮೇಲಿನ ಬಿಳಿ ಮೇಲ್ಬಟ್ಟೆಯ ಎರಡೂ ಅಂಚು ಕೂಡಿ, ತುದಿ ಸರಿಯಾಗಿ ಸೊಂಟದ ನಡುವಿಗೆ ಬರಬೇಕು. ಬರುತ್ತಿರಲಿಲ್ಲ. ಗುಂಡಿಯಿಲ್ಲದ ಬಟ್ಟೆಗೆ ಹುಟ್ಟಿದಾರಭ್ಯ ಪಿನ್ನು ಚುಚ್ಚಿಕೊಂಡೇ ಬಂದ ಆಮಿಷ್ ಕ್ರೈಸ್ತ ಪಂಥದ ಹೆಂಗಸಿನ ಕೈ ಅದು, ಇವತ್ತು ಮಾತು ಕೇಳುತ್ತಿರಲಿಲ್ಲ.

"ಇನ್ನೂ ಆಗಲಿಲ್ವೇನೇ? ಗಂಡಸ್ರು ಪ್ರಾರ್ಥನೆಗೆ ಬೆಂಚು ಹಾಕಿ ಆಯ್ತು," ಎಂದಳು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಕೆಟೂರಾ.

"ಆಯ್ತು."

"ಎಡಕ್ಕೆ ಓರೆ ಆಗಿದೆ ಕಣೆ."

"ಎಲ್ಲಿ ಓರೆ? ನಿನ್ನ ಕಣ್ಣು ಓರೆ."

"ಒಂದು ಗೆರೆಯಷ್ಟು. ಓರ್ಫಾಗೆ ಜೀವ ಇದ್ದಿದ್ರೆ ಎದ್ದು ಕೂತು ತಾನೇ ಚುಚ್ಕೊಳ್ತಿದ್ಲು."

ಕೆಟೂರಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಲೊವೈನಾ ನಗಲಿಲ್ಲ. ನಲವತ್ನಾಲ್ಕು ವರ್ಷ ಓರಗಿತ್ತಿಯಾಗಿ ಬಾಳಿದ ಹೆಂಗಸು ಕಣ್ಣು ಮುಚ್ಚಿ ಮಲಗಿಯೂ ತನ್ನ ಕೈಕೆಲಸವನ್ನು ಅಳೆಯುತ್ತಿರುವಂತೆ ಕಂಡಿತು. ನಾಲ್ಕನೇ ಪಿನ್ನನ್ನು ಓರೆಗೇ ಬಲವಾಗಿ ಒತ್ತಿದಳು. ಹೀಗೇ ಹೋಗಲಿ. ಇವಳ ಮೈಮೇಲೆ ಒಂದಾದರೂ ಓರೆ ಇರಲಿ, ಅದೂ ಪ್ರಳಯದ ದಿನದವರೆಗೆ.

ಅಡುಗೆಮನೆಯಲ್ಲಿ ಹೆಂಗಸರು ಮುನ್ನೂರು ಜನರ ಊಟಕ್ಕೆ ಆಲೂಗಡ್ಡೆ ಜಜ್ಜುತ್ತಿದ್ದರು. ಒಣದ್ರಾಕ್ಷಿಯ ಪೈಗಳು ಕಿಟಕಿಯುದ್ದಕ್ಕೂ ಆರುತ್ತಿದ್ದವು. ಸತ್ತವರನ್ನು ಹೊಗಳಬಾರದು, ಅದು ಅಹಂಕಾರ. ಹಾಗಾಗಿ ಎಲ್ಲರೂ ಸತ್ತವಳ ಕೌದಿಗಳನ್ನು ಹೊಗಳುತ್ತಿದ್ದರು.

"ನನ್ನ ಮದುವೆಗೆ ಕೊಟ್ಟಿದ್ದು, ಮೂವತ್ತು ವರ್ಷ ಆಯ್ತು. ಒಂದು ಮೂಲೆ ಅಲ್ಲಾಡಿಲ್ಲ ನೋಡು."

"ಪೇಟೇಲಿ ಹೊರಗಿನೋಳು ಒಬ್ಬಳು ಕೇಳಿದ್ಲಂತೆ, 'ವಿನಯಕ್ಕೆ ಅಂತ ನೀವು ಬೇಕಂತಲೇ ಒಂದು ತಪ್ಪು ತುಂಡು ಸೇರಿಸ್ತೀರಂತಲ್ಲ, ಇದರಲ್ಲಿ ಎಲ್ಲಿದೆ' ಅಂತ. ಓರ್ಫಾ ಏನಂದ್ಲು ಗೊತ್ತಾ? 'ತಪ್ಪು ಬೇಕಾದ್ರೆ ನಮ್ಮ ಲೊವೈನಾ ಹತ್ರ ಹೋಗಿ' ಅಂದ್ಲಂತೆ!"

ನಗು ಎದ್ದಿತು. ಲೊವೈನಾ ಬಾಗಿಲಲ್ಲಿ ನಿಂತಿರುವುದು ಕಂಡು ಆಲೂಗಡ್ಡೆ ಜಜ್ಜುವ ಕೈಗಳೆಲ್ಲ ಒಟ್ಟಿಗೆ ನಿಂತವು.

"ತಮಾಷೆಗೆ ಅಂದಿದ್ದು, ಬಿಡು ಲೊವೈನಾ."

"ಅವಳ ತಮಾಷೆ ನನಗಲ್ದೆ ಇನ್ಯಾರಿಗೆ ಗೊತ್ತು," ಎಂದಳು. ಅವಳ ಬಲಗೈ ಏಪ್ರನ್ನಿನ ಜೇಬಿನೊಳಗೆ ಒಂದು ರಟ್ಟಿನ ತುಂಡನ್ನು ಹಿಡಿದಿತ್ತು. ಮನೆಯಿಂದ ಹೊರಡುವಾಗಲೇ ಅದನ್ನು ಇಟ್ಟುಕೊಂಡು ಬಂದಿದ್ದಳು. ಇವತ್ತು ಬಿಟ್ಟರೆ ಇನ್ನು ಯಾವತ್ತೂ ಇಲ್ಲ.

*

ಲೊವೈನಾ ಕಿರಿಸೊಸೆಯಾಗಿ ಬಂದ ಚಳಿಗಾಲದಲ್ಲಿ ಅತ್ತೆ ಸಲೋಮಿ ಕೊಬ್ಬಿನ ಡಬ್ಬದ ತಗಡು ಕತ್ತರಿಸಿ, ಬಟ್ಟೆಯ ಮೇಲಿಟ್ಟು ಗೆರೆ ಎಳೆಯಲು ಒಂದು ತ್ರಿಕೋನದ ಅಚ್ಚು ಮಾಡಿದಳು. ಕೌದಿಯ ಚೌಕಗಳನ್ನಾದರೆ ನೂಲು ಹಿಡಿದು ಹರಿದುಕೊಳ್ಳಬಹುದು. ತ್ರಿಕೋನಕ್ಕೆ ಅಚ್ಚು ಬೇಕೇ ಬೇಕು. ಚೌಕಗಳ ಸುತ್ತ ಎಂಟು ತ್ರಿಕೋನ ಕೂತರೆ ನಕ್ಷತ್ರ. ಒಂದು ದೊಡ್ಡದಾದರೂ ನಕ್ಷತ್ರದ ಮೂತಿ ಸೊಟ್ಟ.

ತಗಡು ಹಿರಿಸೊಸೆ ಓರ್ಫಾಳ ಕೈಗೆ ಹೋಯಿತು. ಅತ್ತೆ ಹೇಳಿದ ಮೇಲೆ ಓರ್ಫಾ ಅದನ್ನು ಬೂಟಿನ ಡಬ್ಬದ ರಟ್ಟಿನ ಮೇಲಿಟ್ಟು, ಸುತ್ತ ಗೆರೆ ಎಳೆದು, ಕತ್ತರಿಸಿ ಲೊವೈನಾಗೆ ಕೊಟ್ಟಳು.

"ಇಬ್ಬರೂ ನೆನಪಿಟ್ಕೊಳ್ಳಿ," ಎಂದಳು ಅತ್ತೆ, "ಕತ್ತರಿ ಗೆರೇನ ತಿಂದ್ಕೊಂಡು ಹೋಗ್ಬೇಕು. ಗೆರೆ ಉಳಿದ್ರೆ ತುಂಡು ಬೆಳೆದುಬಿಡುತ್ತೆ."

ಲೊವೈನಾ ಕೇಳಿಸಿಕೊಂಡಳು. ಆದರೆ ಅವಳು ಹನ್ನೊಂದು ಮಕ್ಕಳ ಮನೆಯಿಂದ ಬಂದವಳು. ಅಂಗೈಯಗಲ ಚಿಂದಿಗೂ ಅಕ್ಕತಂಗಿಯರು ಜುಟ್ಟು ಹಿಡಿದ ಮನೆ ಅದು. ಕತ್ತರಿ ಗೆರೆಗೆ ತಾಗಿದಾಗಲೆಲ್ಲ ಕೈ ತಾನಾಗಿ ಹೊರಕ್ಕೆ ಸರಿಯುತ್ತಿತ್ತು. ಒಂದೆಳೆ ಬಟ್ಟೆಯನ್ನಾದರೂ ಯಾಕೆ ದಂಡ ಮಾಡಬೇಕು?

ಅವಳ ಮೊದಲ ಕೌದಿಯನ್ನು ಚೌಕಟ್ಟಿಗೆ ಬಿಗಿದಾಗ ಅದು ನಡುವೆ ಕಪ್ಪೆಯ ಗಂಟಲಿನಂತೆ ಉಬ್ಬಿಕೊಂಡಿತು. ಸುತ್ತ ಕೂತ ಹೆಂಗಸರು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದರು.

"ಹೊಲೀತಾ ಹೋದ್ರೆ ಕೂತ್ಕೊಳ್ಳುತ್ತೆ ಬಿಡು," ಎಂದಳು ಅತ್ತೆ.

"ನಿನ್ನ ರಟ್ಟು ತಂದು ತೋರ್ಸೇ," ಎಂದಳು ಓರ್ಫಾ, ಎಲ್ಲರ ಮುಂದೆ. "ತಗಡಿಗೆ ಹಿಡಿದು ನೋಡೋಣ."

ಆ 'ತೋರ್ಸೇ' ಎದೆಯಲ್ಲಿ ನೆಟ್ಟು ನಿಂತಿತು. ಲೊವೈನಾ ತೋರಿಸಲಿಲ್ಲ. ತಗಡನ್ನು ಕೇಳಲೂ ಇಲ್ಲ. ಓರ್ಫಾ ಬೇಕಂತಲೇ ದೊಡ್ಡದಾಗಿ ಕತ್ತರಿಸಿ ಕೊಟ್ಟಿದ್ದಾಳೆ ಎಂದು ಅವತ್ತೇ ತೀರ್ಮಾನವಾಗಿಹೋಯಿತು. ರಟ್ಟಿನ ಅಂಚು ಸವೆದಾಗಲೆಲ್ಲ ಹೊಸ ರಟ್ಟಿಗೆ ಬರೆದುಕೊಂಡಳು. ಅನುಮಾನಕ್ಕೆ ಮಾತ್ರ ಸವಕಳಿ ಇರಲಿಲ್ಲ.

ಓರ್ಫಾಳ ಗಂಡ ಮರ ಬಿದ್ದು ಸತ್ತ. ಕೌದಿ ಹೊಲಿದೇ ಅವಳು ಐದು ಮಕ್ಕಳನ್ನು ಸಾಕಿದಳು. ಜನ ಅಯ್ಯೋ ಎಂದರೆ ಅದೂ ಲೊವೈನಾಗೆ ಸಹಿಸಲಾಗುತ್ತಿರಲಿಲ್ಲ. ದುಃಖವನ್ನೂ ಎಷ್ಟು ಅಚ್ಚುಕಟ್ಟಾಗಿ ಪಡುತ್ತಾಳೆ ನೋಡು, ಎನಿಸುತ್ತಿತ್ತು.

*

ಹೊಲಿಗೆಯ ಕೋಣೆಯಲ್ಲಿ ಓರ್ಫಾಳ ಹಿರಿಮಗಳು ಡ್ರುಸಿಲ್ಲಾ ಕರವಸ್ತ್ರ ಹುಡುಕುತ್ತಿದ್ದಳು. ಲೊವೈನಾ ಒಳಗೆ ಬಂದು ಬಾಗಿಲು ಹಾಕಿದಳು.

"ನಿಮ್ಮಮ್ಮನ ಆ ತಗಡು ಕೊಡು."

"ಇವತ್ತಾ ಚಿಕ್ಕಮ್ಮ?"

"ಇವತ್ತೇ. ಅವಳು ಮಣ್ಣಿಗೆ ಹೋಗೋಕ್ ಮುಂಚೆ."

ಡ್ರುಸಿಲ್ಲಾ ಚಿಕ್ಕಮ್ಮನ ಮುಖವನ್ನೇ ನೋಡುತ್ತ ಮಷೀನಿನ ಖಾನೆಯಿಂದ ಒಂದು ಡಬ್ಬಿ ತೆಗೆದಳು. "ಅಮ್ಮ ಹೇಳ್ತಾನೇ ಇದ್ಲು. ಲೊವೈನಾ ಒಂದಿನ ಬಾಯ್ಬಿಟ್ಟು ಕೇಳ್ತಾಳೆ, ಕೇಳಿದ ದಿನ ಕೊಟ್ಬಿಡು ಅಂತ."

ಲೊವೈನಾ ಕಿವಿಗೆ ಹಾಕಿಕೊಳ್ಳಲಿಲ್ಲ. ಜೇಬಿನ ರಟ್ಟನ್ನು ಮಷೀನಿನ ಮೇಲಿಟ್ಟು ಅದರ ಮೇಲೆ ತಗಡನ್ನು ಕೂರಿಸಿದಳು. ಮೂರೂ ಕಡೆ ರಟ್ಟು ಆಚೆ ಚಾಚಿತ್ತು, ಕಣ್ಣಿಗೆ ಕುಕ್ಕುವಷ್ಟು.

"ನೋಡೇ! ನೋಡು! ನಲವತ್ನಾಲ್ಕು ವರ್ಷ ಈ ರಟ್ಟಲ್ಲಿ ಕತ್ತರಿಸಿದೀನಿ ನಾನು. ನಿಮ್ಮಮ್ಮ ಕೊಟ್ಟಿದ್ದು! ಊರೆಲ್ಲ ನನ್ನ ನೋಡಿ ನಗಲಿ ಅಂತ ಕೊಟ್ಟಿದ್ದು!" ಅವಳ ಕಣ್ಣಲ್ಲಿ ನೀರು ಬಂದಿತ್ತು, ಖುಷಿಗೆ.

ಡ್ರುಸಿಲ್ಲಾ ರಟ್ಟನ್ನು ಎತ್ತಿ ಮಗುಚಿ ನೋಡಿದಳು.

"ಇದಾ? ಇದು ಕಾರ್ನ್‌ಫ್ಲೇಕ್ಸ್ ಡಬ್ಬದ್ದು ಚಿಕ್ಕಮ್ಮ. '೧೯೯೪ರ ಬೇಸಿಗೆ, ಬೇಸ್‌ಬಾಲ್ ಟಿಕೆಟ್ ಗೆಲ್ಲಿ' ಅಂತ ಹಾಕಿದಾರೆ. ಹೋದ ವರ್ಷದ್ದು. ಅಮ್ಮ ಕೊಟ್ಟಿದ್ದು ಎಲ್ಲಿ?"

ಲೊವೈನಾ ರಟ್ಟನ್ನು ಕಸಿದು ತಾನೇ ನೋಡಿ ಮಷೀನಿನ ಮೇಲೆ ಹಾಕಿದಳು. ಹೋದ ವರ್ಷ ತಾನೇ ಹಳೆಯ ರಟ್ಟಿನಿಂದ ಬರೆದುಕೊಂಡದ್ದು. ಆ ಹಳೆಯದನ್ನು ಅದಕ್ಕಿಂತ ಹಳೆಯದರಿಂದ. ಇದು ಆರನೆಯದೋ, ಏಳನೆಯದೋ? ಪ್ರತಿ ಸಲವೂ ಗೆರೆಯನ್ನು ಉಳಿಸಿ, ಗೆರೆಯ ಹೊರಗೆ ಕತ್ತರಿ ಆಡಿಸಿದ ಕೈ ಅವಳದೇ. ಬೂಟಿನ ಡಬ್ಬದ ರಟ್ಟು ಯಾವ ಕಾಲಕ್ಕೋ ಅವಳ ಒಲೆಯಲ್ಲೇ ಉರಿದುಹೋಗಿತ್ತು.

"ಕೂತ್ಕೊಳ್ಳಿ ಚಿಕ್ಕಮ್ಮ." ಏನು ಮಾಡಬೇಕೆಂದು ತಿಳಿಯದೆ ಡ್ರುಸಿಲ್ಲಾ ಡಬ್ಬಿಯ ತಳದಿಂದ ಸಣ್ಣ ಬಟ್ಟೆಪಟ್ಟಿಗಳ ಕಂತೆಯೊಂದನ್ನು ತೆಗೆದು ಮುಂದಿಟ್ಟಳು. ನೇರಳೆಯ ಪಕ್ಕ ಇಟ್ಟಿಗೆಗೆಂಪು, ಅದರ ಪಕ್ಕ ನವಿಲುಬಣ್ಣ, ಸಾಲಾಗಿ ಪಿನ್ನು ಚುಚ್ಚಿಟ್ಟದ್ದು. ಲೊವೈನಾ ತನ್ನ ಕೌದಿಯ ಬಣ್ಣಗಳನ್ನು ತಕ್ಷಣ ಗುರುತಿಸಿದಳು.

"ನಿಮ್ಮ ಮನೇಲಿ ಕೌದಿ ನೋಡ್ಕೊಂಡು ಬಂದಾಗೆಲ್ಲ ಅಮ್ಮ ಆ ಬಣ್ಣನೆಲ್ಲ ಹೀಗೆ ಚುಚ್ಚಿಡ್ತಿದ್ಲು. ಆಮೇಲೆ ತಾನು ಹೊಲೀವಾಗ ನೋಡ್ಕೊಳ್ಳೋಳು. 'ಕತ್ತರಿಸೋಕೆ ಯಾವ ಕತ್ತೆಗಾದ್ರೂ ಬರುತ್ತೆ, ಇವಳಿಗೆ ಬಣ್ಣ ಯಾರೇ ಹೇಳ್ಕೊಡ್ತಾರೆ' ಅಂತ ಉರ್ಕೊಳ್ತಿದ್ಲು. ಅವತ್ತು ಊಟ ಸೇರ್ತಿರಲಿಲ್ಲ ಅವಳಿಗೆ."

"ಊಟ ಸೇರ್ತಿರಲಿಲ್ವಾ?" ಲೊವೈನಾ ತಲೆಯೆತ್ತಿದಳು. "ನಿಜವಾಗ್ಲೂ?"

"ತಟ್ಟೆ ತಳ್ಳಿಬಿಡ್ತಿದ್ಲು."

"ಒಂದು ಮಾತು ಹೇಳ್ಲಿಲ್ಲ ನೋಡು," ಎಂದಳು ಲೊವೈನಾ. "ಕಳ್ಳಿ."

ತಗಡನ್ನು ಜೇಬಿಗಿಟ್ಟುಕೊಂಡಳು. ರಟ್ಟು ಮಷೀನಿನ ಮೇಲೇ ಉಳಿಯಿತು.

*

ಪ್ರಾರ್ಥನೆ ಮುಗಿಯಿತು. ಅಂಗಳದಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಜನ ಸಾಲಾಗಿ ಕೊನೆಯ ಸಲ ನೋಡಿ ಮುಂದೆ ಸರಿಯುತ್ತಿದ್ದರು. ಬೇಲಿಗೆ ಕಟ್ಟಿದ ಕುದುರೆಗಳು ಕಾಲು ಕೆರೆಯುತ್ತಿದ್ದವು. ಲೊವೈನಾಳ ಸರದಿ ಬಂತು. ಮೇಲ್ಬಟ್ಟೆಯ ತುದಿ ಎಡಕ್ಕೆ ವಾಲಿತ್ತು, ಅವಳು ಬೆಳಿಗ್ಗೆ ಬಿಟ್ಟಷ್ಟೇ.

ಅವಳು ಬಗ್ಗಿ ಪಿನ್ನು ಕಿತ್ತಳು.

ಸಾಲು ನಿಂತುಬಿಟ್ಟಿತು. ಹಿಂದಿನಿಂದ ಯಾರೋ ಕೆಮ್ಮಿದರು. "ಈಗ್ಯಾಕೇ ಅದು?" ಎಂದು ಕೆಟೂರಾ ಪಿಸುಗುಟ್ಟಿದಳು.

"ಇರು ಸ್ವಲ್ಪ."

ಜೇಬಿನಿಂದ ತಗಡು ತೆಗೆದು ಓರ್ಫಾಳ ಎದೆಯ ಮೇಲಿಟ್ಟಳು. ಬಟ್ಟೆಯ ಅಂಚನ್ನು ತಗಡಿನ ಅಂಚಿಗೆ ಎಳೆದು ಕೂರಿಸಿದಳು, ಮೊದಲು ಈ ಕಡೆ, ಆಮೇಲೆ ಆ ಕಡೆ. ಈ ಸಲ ಕೈ ಮಾತು ಕೇಳಿತು. ತಗಡಿನ ತುದಿ ತೋರಿಸಿದಲ್ಲೇ ಪಿನ್ನು ಇಳಿಯಿತು, ತಗಡು ಮತ್ತೆ ಜೇಬು ಸೇರಿತು. ಕೆಟೂರಾ ಕತ್ತು ಚಾಚಿ ನೋಡಿದಳು. ಒಂದು ಗೆರೆಯಷ್ಟೂ ಓರೆ ಸಿಗದೆ ಹಿಂದೆ ಸರಿದಳು.

ಹೆಗಲು ಕೊಡುವ ನಾಲ್ವರು ಮುಂದೆ ಬಂದು ಮುಚ್ಚಳ ಎತ್ತಿದರು. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನಟ್ಟನಡುವೆ ಕೂತ ಆ ಬಿಳಿಯ ತುದಿಯನ್ನು, ಹಲಗೆಯ ಸಂದು ಉಳಿದಿರುವವರೆಗೂ ಲೊವೈನಾ ಬಾಗಿ ಬಾಗಿ ನೋಡಿದಳು. ಆಮೇಲೆ ಸ್ಕ್ರೂ ತಿರುಗಿಸುವ ಸದ್ದು. ಲೊವೈನಾಳ ಕೈಯಲ್ಲಿ ಒಂದೇ ಒಂದು ಸಲ ನೆಟ್ಟಗೆ ಬಂದ ಕೆಲಸ, ಅದೂ ಓರ್ಫಾಳ ಪಾಲಿಗೇ ಹೋಯಿತು.