ನೀರು ಬಂದ ಗುರುತು

ಹನುಮಸಾಗರದ ಹೊರಗೆ ಹಳ್ಳದ ದಂಡೆಗೆ ಒಂದೇ ಒಂದು ಮನೆಯಿದೆ. ಅದು ಕಸ್ತೂರೆಮ್ಮನದು. ಎದೆಯೆತ್ತರದ ಕಲ್ಲುಕಟ್ಟೆ, ಅದರ ಮೇಲೆ ಎರಡಂಕಣದ ಮನೆ, ಹತ್ತಲು ಐದು ಮೆಟ್ಟಿಲು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಮಕ್ಕಳಿಲ್ಲ. ಆಕೆ ಹಳೆ ಬಟ್ಟೆಯ ಚಿಂದಿ ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಾಳೆ. ಕೌದಿ ಎಂದರೆ ನಾಲ್ಕು ಹೆಂಗಸರು ನಾಲ್ಕು ಮೂಲೆಗೆ ಕೂತು, ಊರ ಸುದ್ದಿಯನ್ನೆಲ್ಲ ಜಾಲಾಡುತ್ತ ಹೊಲಿಯುವ ಕೆಲಸ. ಈಕೆ ಒಬ್ಬಳೇ ನಾಲ್ಕೂ ಮೂಲೆಗೆ ಜರುಗುತ್ತ ಹೊಲಿಯುತ್ತಾಳೆ. ಹಳೆ ಸೀರೆ ಕೊಡಲು ಬರುವವರು ಬೈಕಿನ ಇಂಜಿನ್ ಕೂಡ ಆರಿಸುವುದಿಲ್ಲ. ಗಂಟು ಕೊಟ್ಟು ಹೋಗಿಬಿಡುತ್ತಾರೆ. ಅಂಥ ಅವಸರದ ಕೆಲಸ ಅವರಿಗೆ ಏನಿರುತ್ತದೋ ದೇವರೇ ಬಲ್ಲ.

ಮನೆಯ ಬಾಗಿಲೆದುರು, ಹಳ್ಳಕ್ಕೂ ಆಚೆಯ ಮರಡಿ ದಿಬ್ಬಕ್ಕೂ ನಡುವೆ ಏಳೆಕರೆ ಬಯಲು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಬರುತ್ತದೆಂಬ ಸುದ್ದಿ ಬೇಸಿಗೆಯಲ್ಲಿ ಕಸ್ತೂರೆಮ್ಮನ ಕಿವಿಗೆ ಬಿತ್ತು. ಎಂಬತ್ತು ಹುಡುಗಿಯರಂತೆ. ಆ ದಿನ ಆಕೆ ಒಂದೇ ಸಾಲನ್ನು ಎರಡು ಸಲ ಹೊಲಿದಳು.

ಜಾಗ ನೋಡಲು ಬಂದವನು ರಫೀ ಎಂಬ ಇಂಜಿನಿಯರ್. ಗಂಗಾವತಿಯವನು. ಆ ಕಡೆಯವರಿಗೆ ನೀರೆಂದರೆ ಕಾಲುವೆ. ಗೇಟು ಎತ್ತಿದರೆ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಆದರೆ ಹುಡುಗ ದಡ್ಡನಲ್ಲ. ಮರಗಳನ್ನು ಎಣಿಸಿದ, ಗಾಳಿಯ ದಿಕ್ಕು ಬರೆದುಕೊಂಡ, ಮಣ್ಣು ಮುಟ್ಟಿ ನೋಡಿದ. ಆಮೇಲೆ ಮೆಟ್ಟಿಲ ಬುಡದಲ್ಲಿ ಬಂದು ನಿಂತ.

“ಅಮ್ಮಾ, ಈ ಹಳ್ಳ ಭಾಳ ಅಂದ್ರ ಎಲ್ಲಿತನ ಬಂದಿತ್ರೀ? ಇಷ್ಟು ಸಣ್ಣ ಹಳ್ಳದ ಲೆಕ್ಕ ಯಾವ ಆಫೀಸಿನ್ಯಾಗೂ ಇಲ್ಲ. ಮೊದ್ಲ ನೀರಿಗೆ ಜಾಗ ಬಿಡಬೇಕು, ಉಳಿದದ್ದರಾಗ ಮನಿ ಕಟ್ಟಬೇಕು. ನೀವು ಹೇಳಿದಲ್ಲೇ ಗೂಟ ಹೊಡೀತೀನಿ.”

ಕಸ್ತೂರೆಮ್ಮ ಬಯಲಿನ ಕಡೆ ನೋಡಿದಳು. ನೀರು ಎಲ್ಲಿತನಕ ಬಂದಿತ್ತೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮರಡಿಯ ಬುಡದ ಬನ್ನಿಗಿಡದವರೆಗೆ ಬಂದಿತ್ತು. ಹಾಗೆಂದರೆ ಹಾಸ್ಟೆಲ್ ಮರಡಿಯ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ಕೂಗಿದರೂ ಕೇಳುವುದಿಲ್ಲ.

“ಆ ಬೇವಿನ ಗಿಡ ಐತಲ್ಲ, ಅಲ್ಲಿತನ” ಎಂದಳು. “ಮುಂದಕ್ಕ ಬಂದಿಲ್ಲ.”

ಬೇವಿನ ಮರ ಆಕೆಯ ಬಾಗಿಲಿನಿಂದ ನಲವತ್ತು ಹೆಜ್ಜೆ. ರಫೀ ಅಲ್ಲಿಯೇ ಸಾಲಾಗಿ ಹನ್ನೆರಡು ಕೆಂಪು ಗೂಟ ಹೊಡೆದ.

ಎರಡು ವಾರದ ನಂತರ ನಕ್ಷೆ ಹಿಡಿದು ಬಂದ. ಅವನ ಮುಖ ಅರಳಿತ್ತು.

“ನೋಡ್ರಿ, ಇದು ಕೆಳಗಿನ ಅಂತಸ್ತು. ಐದನೇ ಕ್ಲಾಸಿನ ಸಣ್ಣ ಹುಡುಗ್ಯಾರು ಇಲ್ಲೇ ಮಲಗ್ತಾರ, ಮೆಟ್ಟಲ ಹತ್ತೂದು ಬ್ಯಾಡಂತ. ಕಿಟಕಿ ನಿಮ್ಮ ಬಾಗಲಕ್ಕ ಎದುರು ಐತಿ. ಅವ್ವನ ನೆನಪಾದ್ರ ನಿಮ್ಮನ್ನ ನೋಡ್ತಾವು.”

ಅವನು ಹೋದ ಮೇಲೆ ಕಸ್ತೂರೆಮ್ಮ ಹೂವಿನ ಅಚ್ಚಿನ ಚಿಂದಿಗಳನ್ನೆಲ್ಲ ಬೇರೆ ತೆಗೆದಳು. ಸಣ್ಣ ಕೌದಿಗಳಿಗೆ ಚೆಂದ ಕಾಣುತ್ತವೆ. ಸಂತೋಷದಿಂದ ಕೈ ಓಡುತ್ತಿತ್ತು. ಚಿಂದಿಯ ಗಂಟು ಕಟ್ಟಲು ಗೋಡೆಯ ಗೂಟಕ್ಕೆ ತೂಗಿದ್ದ ಹಗ್ಗ ಎಳೆದುಕೊಂಡಳು, ಅಲ್ಲಿಗೆ ಕೈ ನಿಂತಿತು.

ಅದು ಆಡು ಕಟ್ಟುತ್ತಿದ್ದ ಹಗ್ಗ. ಹನ್ನೆರಡು ವರ್ಷದ ಹಿಂದೆ ಹನ್ನೊಂದು ಆಡುಗಳನ್ನು ಅದೇ ಬೇವಿನ ಬುಡಕ್ಕೆ ಆಕೆಯೇ ಕಟ್ಟಿದ್ದಳು. ಹಳ್ಳ ಬಂತು. ನೀರು ಮನೆಯ ಮೂರನೇ ಮೆಟ್ಟಿಲು ಮುಟ್ಟಿತು. ಆಡುಗಳು ಕೂಗಿದ್ದು ಕೇಳಿತು, ಇಳಿಯಲಾಗಲಿಲ್ಲ. ಬೆಳಗಾದ ಮೇಲೆ ಹಗ್ಗ ಮಾತ್ರ ಗಿಡದಲ್ಲಿತ್ತು. ಆಮೇಲೆ ಆಕೆ ಆಡು ಸಾಕಲಿಲ್ಲ.

ಕಟ್ಟಿ ಹಾಕಿದವಳು ನಾನೇ, ಈಗ ಮತ್ತೆ ಅದೇ ಜಾಗದಲ್ಲಿ ಕಟ್ಟಿ ಹಾಕುತ್ತಿದ್ದೇನೆ ಎಂದು ಅನ್ನಿಸಿದಾಗ ಕಸ್ತೂರೆಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಟಮಟ ಮಧ್ಯಾಹ್ನವೇ ಇಳಿದು ಹೋಗಿ ಗೂಟಗಳನ್ನು ಕಿತ್ತಳು. ಹನ್ನೆರಡನ್ನೂ ಸೆರಗಿನಲ್ಲಿ ಹೊತ್ತು ಬನ್ನಿಗಿಡದವರೆಗೆ ನಡೆದಳು. ಕಲ್ಲಿನಿಂದ ಒಂದೊಂದೇ ಗೂಟ ಜಡಿದಳು. ತಿರುಗಿ ನೋಡಿದರೆ ತನ್ನ ಮನೆ ಬೆಂಕಿಪೆಟ್ಟಿಗೆಯಷ್ಟು ಕಂಡಿತು. ಅಲ್ಲಿಯೇ ಕೂತು ಸ್ವಲ್ಪ ಅತ್ತಳು.

ಮರುದಿನ ರಫೀ ಬಂದು ಗೂಟ ನೋಡಿ ಕೆಂಡವಾದ. “ಯಾರು ಕಿತ್ತಾರಿವನ್ನ?”

“ನಾನ, ತಮ್ಮಾ. ನೀರು ಅಲ್ಲಿತನ ಬಂದಿತ್ತು. ನಿನಗ ಸುಳ್ಳು ಹೇಳಿದ್ನಿ.”

“ಯಾಕ್ರೀ?”

“ಒಬ್ಬಾಕಿ ಅದೀನಿ. ಹುಡುಗ್ಯಾರು ಬಾಜೂಕ ಇದ್ರ ದನಿಯಾದ್ರೂ ಕೇಳ್ತೈತಿ ಅಂತ ಆಸೆಕ್ಕ ಬಿದ್ದೆ.”

ರಫೀಯ ಸಿಟ್ಟು ಎಲ್ಲಿ ಹೋಯಿತೋ. ನಕ್ಷೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. “ಹುಡುಗ್ಯಾರನ್ನ ನಾನ ಕರಕೊಂಡು ಬಂದು ತೋರಸ್ತೀನ್ರಿ” ಎಂದ. ಪಾಪ, ಮನಸ್ಸಿನಿಂದಲೇ ಹೇಳಿದ್ದ.

ಹಾಸ್ಟೆಲ್ ಏಳಲು ಒಂದೂವರೆ ವರ್ಷ ಹಿಡಿಯಿತು. ಅದು ಮರಡಿಯ ಮೇಲೆ ನಿಂತಿತು, ಬಾಗಿಲು ಆಚೆ ಕುಷ್ಟಗಿ ರಸ್ತೆಯ ಕಡೆಗೆ. ಒಂದು ಮರವನ್ನೂ ಕಡಿಯಲಿಲ್ಲ. ಕೆಳಗಿನ ಬಯಲನ್ನು ಹುಲ್ಲಿಗೂ ನೀರಿಗೂ ಬಿಟ್ಟರು. ಗೂಟಗಳ ಜಾಗದಲ್ಲಿ ರಫೀ ಕಲ್ಲು ನೆಡಿಸಿದ. ಆಮೇಲೆ ಯಲಬುರ್ಗಾದಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಫೋನ್ ಮಾಡಿ ಹೇಳಿದ. ಹುಡುಗಿಯರು ಗೇಟು ದಾಟಬಾರದು ಎಂಬುದು ಹಾಸ್ಟೆಲಿನ ನಿಯಮ. ಕಸ್ತೂರೆಮ್ಮ ಹೊಲಿದ ನಾಲ್ಕು ಸಣ್ಣ ಕೌದಿಗಳು ಪೆಟ್ಟಿಗೆಯಲ್ಲಿ ಉಳಿದವು. ಅವರ ದನಿ ಹೊತ್ತು ತರಲು ಗಾಳಿಯೂ ಆ ಕಡೆಯಿಂದ ಬೀಸುವುದಿಲ್ಲ.

ಹುಡುಗಿಯರು ಬಂದ ವರ್ಷ ದಸರೆಗೆ ಮುಂಚೆ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೇ ದಿನ ಮಧ್ಯಾಹ್ನ ಹಳ್ಳ ದಂಡೆ ಮೀರಿತು. ಬೇವಿನ ಬುಡ ಮುಳುಗಿತು. ಸಣ್ಣ ಹುಡುಗಿಯರ ಹಾಸಿಗೆ ಬರಬೇಕಾಗಿದ್ದ ಜಾಗದಲ್ಲಿ ಸೊಂಟಮಟ್ಟದ ಕೆಂಪು ನೀರು ಸುತ್ತಿ ಸುತ್ತಿ ಹರಿಯಿತು. ಬನ್ನಿಗಿಡದ ಕಲ್ಲುಗಳವರೆಗೆ ಹೋಗಿ ಅಲ್ಲಿ ನಿಂತಿತು.

ಕಸ್ತೂರೆಮ್ಮ ಬಾಗಿಲಲ್ಲಿ ಕೂತು ನೋಡಿದಳು. ಮರಡಿಯ ಮೇಲೆ ಎಂಬತ್ತು ಹುಡುಗಿಯರು ಬೆಚ್ಚಗಿದ್ದಾರೆಂದು ನೆನೆದು ಸಮಾಧಾನವಾಯಿತು. ಸಮಾಧಾನವಾದರೂ ಎದೆಯೊಳಗಿನ ಖಾಲಿಜಾಗ ಖಾಲಿಯಾಗಿಯೇ ಉಳಿಯಿತು. ಅಷ್ಟರಲ್ಲಿ ನೀರು ಒಂದೊಂದೇ ಮೆಟ್ಟಿಲು ಹತ್ತಿ ಮೂರನೆಯದನ್ನು ಮುಟ್ಟಿತು. ಎಷ್ಟೋ ವರ್ಷದ ಮೇಲೆ ಆ ಮೆಟ್ಟಿಲು ಹತ್ತಿ ಬಂದದ್ದು ಅದೊಂದೇ.

“ಬಾ” ಎಂದಳು ಕಸ್ತೂರೆಮ್ಮ. “ನೀನಾದ್ರೂ ಬಂದಿ.”