ಬರಿಗೈಯ ಸೋಬಾನೆ

ಹರಳೆಣ್ಣೆಯ ವಾಸನೆ. ಬಳೆಗಾರ ಕೇರಿಗೆ ಬಂದ ದಿನ ಅವ್ವ ರೋಜಾಳ ಪುಟ್ಟ ಕೈಗೆ ಎಣ್ಣೆ ಸವರಿ ಗೆಣ್ಣುಗಳನ್ನು ನೀವಿ ನೀವಿ ಮೆದು ಮಾಡುತ್ತಿದ್ದಳು. ರಾತ್ರಿ ಮಲಗಿದಾಗಲೂ ಆ ವಾಸನೆ ಕೈ ಬಿಟ್ಟು ಹೋಗುತ್ತಿರಲಿಲ್ಲ. ಈಗ ಅದೇ ಎಣ್ಣೆಯನ್ನು ರೋಜಾ ಅವ್ವನ ಕೈಗೆ ಸವರುತ್ತಿದ್ದಳು. ಕೈ ಸೆಟೆದುಕೊಂಡಿತ್ತು. ಹೆಬ್ಬೆರಳು ಒಳಕ್ಕೆ ಮಡಿಸಲು ಬಾರದು. ಮೊದಲ ಹಸಿರು ಬಳೆ ಗೆಣ್ಣಿನವರೆಗೆ ಹೋಗಿ ನಿಂತಿತು.

"ಏನಮ್ಮಿ ಅದು ನೀ ಮಾಡ್ತಿರದು?"

ಬಾಗಿಲಲ್ಲಿ ದೊಡ್ಡಪ್ಪ ಹುಚ್ಚಯ್ಯ ನಿಂತಿದ್ದ. ಸತ್ತು ಮಲಗಿದ್ದ ಅವ್ವ ಮಾದಮ್ಮನ ಗಂಡನ ಅಣ್ಣ. ಹೆಡತಲೆ ಊರಿನ ಆ ಕೇರಿಯಲ್ಲಿ ಅವನ ಮಾತು ಮೀರುವವರಿರಲಿಲ್ಲ.

"ಬಳೆ ದೊಡ್ಡಪ್ಪ. ಅವ್ವುಂಗೆ."

"ಮುಂಡೇಗೆ ಬಳೆ ತೊಡ್ಸಿ ಮಣ್ ಮಾಡ್ದೋರ ನೋಡಿದ್ದೀಯಾ? ತೆಗಿ ಅದ."

ರೋಜಾ ತೆಗೆಯಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದ ಹೆಂಗಸರಲ್ಲಿ ಒಬ್ಬಳು ಪಕ್ಕದವಳಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದಳು, ಎಲ್ಲರಿಗೂ ಕೇಳಿತು. "ಅವ್ವ ಸತ್ಲು ಅಂತ ಫೋನ್ ಮಾಡುದ್ರೆ ಈ ಕೂಸು ಬಳೆ ಅಂಗ್ಡಿಗೆ ಓಗಿತ್ತಂತೆ ಕಣಕ್ಕ."

ನಿಜವೇ. ರೋಜಾ ನರಸೀಪುರದ ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಸ್ಸು ಹತ್ತುವ ಮುನ್ನ ಬಳೆ ಅಂಗಡಿಗೆ ಹೋಗಿದ್ದಳು. ಯಾರ ಮದುವೆ ಎಂದು ನಗುತ್ತ ಕೇಳಿದ ಅಂಗಡಿಯವನು ಉತ್ತರ ಕೇಳಿದೊಡನೆ ಕಟ್ಟಿದ್ದನ್ನು ಬಿಚ್ಚಿ, ಬೇರೆ ಬಳೆ ತೆಗೆದು, "ಒಂದಳತೆ ದೊಡ್ಡದು ತಕ್ಕೊಳವ್ವ. ಆ ಕೈ ಬಗ್ಗಾಕಿಲ್ಲ" ಎಂದ.

ದೊಡ್ಡಳತೆಯೂ ಸಾಲಲಿಲ್ಲ. ಆದರೂ ಹೆಣ ಎತ್ತುವ ಮೊದಲು ಆ ಬಳೆಗಳು ಅವ್ವನ ಕೈಯಲ್ಲಿರಬೇಕು. ರೋಜಾಳಿಗೆ ಬೇಕಾಗಿದ್ದುದು ಅಷ್ಟೇ.

"ಇವ್ಳು ಗಂಡ ಸತ್ತ ಮ್ಯಾಲೆ ಬಳೆ ಬಿಚ್ದೋಳಲ್ಲ," ಎಂದ ಹುಚ್ಚಯ್ಯ. "ಬಳೆ ಬಿಚ್ಚಿ ಗಂಡನ್ನ ಸಾಯಿಸ್ದೋಳು. ನನ್ ತಮ್ಮನ್ನ ತಿಂದ ಕೈ ಅದು."

*

ನಾಲ್ಕು ವರ್ಷದ ಹಿಂದೆ, ಮದುವೆ ಅಂದರೆ ಆ ಕೇರಿಯಲ್ಲಿ ಮಾದಮ್ಮನ ದನಿ ಮೊದಲು ಏಳುತ್ತಿತ್ತು. ಅರಿಶಿನ ಕುಟ್ಟುವಾಗ, ಹಸೆಗೆ ಕರೆಯುವಾಗ ಅವಳು ಒಂದು ಸಾಲು ಎತ್ತಿಕೊಡುವಳು, ಎದುರುಮನೆಯ ಮಂಚಮ್ಮ ಅದನ್ನು ಹಿಡಿದು ತಿರುಗಿ ಹಾಡುವಳು.

ಮಾದಮ್ಮನ ಅಣ್ಣನ ಮಗ ರವಿಕುಮಾರ, ನಂಜನಗೂಡಿನ ಬಜಾರಿನಲ್ಲಿ ಗೊಬ್ಬರದಂಗಡಿಯ ಮೇಲೊಂದು ಕೋಣೆ ಹಿಡಿದು, ದನಿ ಮಾರ್ದನಿಸದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದು, ಸ್ಟುಡಿಯೋ ಎಂದು ಬೋರ್ಡು ಹಾಕಿದ್ದ. ಒಳಗೆ ಒಂದು ಮೈಕು, ಯಾರೋ ಬಳಸಿ ಬಿಟ್ಟ ಒಂದು ಲ್ಯಾಪ್‌ಟಾಪು. ಅತ್ತೆಯ ಸೋಬಾನೆ ಪದಗಳ ಸಿ.ಡಿ. ಮಾಡುತ್ತೇನೆಂದು ಅತ್ತೆ, ಮಂಚಮ್ಮ ಇಬ್ಬರನ್ನೂ ಕರೆಸಿಕೊಂಡ. ರೋಜಾಳೂ ಜೊತೆಗೆ ಹೋಗಿದ್ದಳು.

ಅಂದು ಕರೆಂಟಿರಲಿಲ್ಲ. ರವಿಗೆ ಅದರ ಚಿಂತೆಯೂ ಇರಲಿಲ್ಲ. "ಇದ್ರಲ್ಲಿ ಪವರ್ ಉಳಿಸೋ ಸೆಟ್ಟಿಂಗ್ ಅದೆ ಕಣೇ ರೋಜಿ. ಬ್ಯಾಟ್ರಿ ಮ್ಯಾಲೆ ಓಡ್ವಾಗ ಪ್ರೊಸೆಸರ್ರು ಮೆತ್ತಗೆ ಕೆಲ್ಸ ಮಾಡ್ತದೆ. ಚಾರ್ಜೂ ನಿಲ್ತದೆ, ಫ್ಯಾನು ಗುಂಯ್ ಅನ್ನಾಕಿಲ್ಲ. ಮೈಸೂರ್ ಸ್ಟುಡಿಯೋದೋರ್ಗೂ ಈ ಐಡಿಯಾ ಒಳೆದಿಲ್ಲ."

ಮಾದಮ್ಮ ಹಾಡಿದಳು. ತಿರುಗಿ ಹಾಕಿ ಕೇಳಿದರೆ ಪದದ ನಡುನಡುವೆ 'ಟಿಕ್' ಎಂದು ಸದ್ದು. ಮಾದಮ್ಮ ಉಸಿರು ತೆಗೆದುಕೊಂಡು ಮುಂದಿನ ಸಾಲು ಎತ್ತುವ ಕಡೆಯಲ್ಲೆಲ್ಲ, ಟಿಕ್.

"ನಿಮ್ ಬಳೆ ಕಣತ್ತೆ," ಎಂದ ರವಿ.

ಇಬ್ಬರೂ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಮೇಲೆ ಸೆರಗು ಸುತ್ತಿ ಬಿಗಿದುಕೊಂಡರು. ಮತ್ತೆ ಹಾಡಿದರು. ಮತ್ತೆ ಟಿಕ್.

"ಬಿಚ್ಬುಡಿ. ಒಂದ್ ಗಂಟೆ ಮಟ್ಟಿಗೆ."

"ಯಾವತ್ತೂ ಆಗಾಕಿಲ್ಲ ಕಣಪ್ಪ," ಎಂದಳು ಮಂಚಮ್ಮ. "ಮುತ್ತೈದೆ ಕೈ ಬರಿದು ಮಾಡ್ಕಂಡು ಸೋಬಾನ ಯೋಳದಾ?" ಅವಳನ್ನು ಮೈಕಿನಿಂದ ದೂರ, ಮೂಲೆಗೆ ಕೂರಿಸಿದ.

ಮಾದಮ್ಮ ಬಹಳ ಹೊತ್ತು ಕೈ ನೋಡಿಕೊಂಡು ಕೂತಳು. ಅವಳ ದನಿ ಅವಳಿಗೇ ತಿರುಗಿ ಕೇಳಿದ್ದು ಅಂದೇ ಮೊದಲು. ಅದು ಅವಳಿಗೆ ಇಷ್ಟವಾಗಿತ್ತು. "ವಸಿ ಹರಳೆಣ್ಣೆ ಸಿಕ್ಕದಾ ನೋಡ್ಲಾ" ಎಂದಳು. ಕೆಳಗಿನ ಅಂಗಡಿಯಿಂದ ದೀಪದ ಎಣ್ಣೆ ಬಂತು. ಒಂದೂ ಒಡೆಯದಂತೆ ಬಳೆಗಳನ್ನು ಜಾರಿಸಿ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅಷ್ಟರಲ್ಲಿ ಕರೆಂಟು ಬಂತು. ರವಿ ವೈರು ಸಿಕ್ಕಿಸಿದ.

ಈ ಸಲ ಪದ ನೀರಿನ ಹಾಗೆ ಹರಿಯಿತು. ಒಂದು ಟಿಕ್ ಇಲ್ಲ.

"ನಾ ಯೋಳ್ನಿಲ್ವಾ! ಬಳೆನೇ!" ರವಿ ತೊಡೆ ತಟ್ಟಿದ.

ಮಧ್ಯಾಹ್ನ ಕರೆಂಟು ಮತ್ತೆ ಹೋಯಿತು. ಮಾದಮ್ಮ ಬರಿಗೈಯಲ್ಲೇ ಉಳಿದ ಪದಗಳನ್ನು ಹಾಡಿದಳು. ಆ ಪದಗಳಲ್ಲಿ ಟಿಕ್ ಮತ್ತೆ ಬಂದು ಕೂತಿದ್ದನ್ನು ಅಂದು ಯಾರೂ ಕೇಳಿ ನೋಡಲಿಲ್ಲ. ಆಮೇಲೆ ಕೇಳಿದಾಗ ರವಿ, ಮಂಚಮ್ಮನ ಬಳೆ ಇರಬೇಕು, ಇರಲಿ, ಮದುವೆಯ ಪದಕ್ಕೆ ಬಳೆ ಸದ್ದು ಚೆಂದವೇ ಎಂದು ಹಾಗೇ ಬಿಟ್ಟ.

ಸಂಜೆ ಬಸ್ಸಿಗೆ ಹೊತ್ತಾಗಿತ್ತು. ಬಳೆ ತೊಡಲು ಪುರುಸೊತ್ತಿಲ್ಲದೆ ಮಾದಮ್ಮ ಹಾಗೇ ಹೊರಟಳು. ಹೆಡತಲೆಯಲ್ಲಿ ಬಸ್ಸಿಳಿಯುವಾಗ ಅರಳಿಕಟ್ಟೆಯ ಮೇಲೆ ಕೂತಿದ್ದ ಹುಚ್ಚಯ್ಯ ಅವಳ ಕೈ ನೋಡಿದ.

ಆ ಹುಣಸೆ ಸುಗ್ಗಿಯಲ್ಲೇ ಅವಳ ಗಂಡ ಮರದಿಂದ ಬಿದ್ದು ಸತ್ತ.

ಆಮೇಲೆ ಯಾವ ಹಸೆಯ ಮುಂದೆಯೂ ಮಾದಮ್ಮನನ್ನು ಕೂರಿಸಲಿಲ್ಲ. ಚಪ್ಪರದ ಹೊರಗೆ ಒಲೆಯ ಪಕ್ಕ ಈರುಳ್ಳಿ ಹೆಚ್ಚುತ್ತ ಕೂರುತ್ತಿದ್ದಳು. ಒಳಗೆ ಹಾಡುವ ಹುಡುಗಿಯರಿಗೆ ಪದ ಮರೆತರೆ ಹೊರಗೋಡಿ ಬಂದು ಅವಳನ್ನು ಕೇಳಿಕೊಂಡು, ಒಳಗೆ ಹೋಗಿ ಹಾಡುತ್ತಿದ್ದರು.

*

ತಮಟೆಯವರು ಬಂದರು. ಅವರ ಹಿಂದೆಯೇ ರವಿಕುಮಾರ ತನ್ನ ಸ್ಪೀಕರ್ ಪೆಟ್ಟಿಗೆ ಹೊತ್ತುಕೊಂಡು ಬಂದ. ಅತ್ತೆಯ ಕಾಲು ಮುಟ್ಟಿ ಅತ್ತ. ಆಮೇಲೆ, "ಅತ್ತೆ ದನಿ ಕೇಳಿಸ್ತೀನಿ, ತಮಟೆ ವಸಿ ನಿಲ್ಸಿ" ಎಂದ.

ಮಾದಮ್ಮನ ದನಿ ಅಂಗಳದಲ್ಲಿ ಎದ್ದಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಪದದ ನಡುವೆ ಟಿಕ್ ಎಂದಿತು.

"ಕೇಳ್ರವ್ವ, ಬಳೆ ಸದ್ದ. ಮುತ್ತೈದೆಯಾಗಿ ಇದ್ದಾಗಿನ್ದು," ಎಂದು ಒಬ್ಬಳು ಕಣ್ಣೊರೆಸಿಕೊಂಡಳು.

"ಅದ ಉಳುಸ್ಕೊಳಾಕೆ ಬರ್ನಿಲ್ವಲ್ಲ," ಎಂದ ಹುಚ್ಚಯ್ಯ.

ರೋಜಾಳ ಮುಷ್ಟಿಯಲ್ಲಿ ಬಳೆಯ ಪೊಟ್ಟಣ ಕಿರುಗುಟ್ಟಿತು. ಪದದ ನಡುವಿನ ಆ ಟಿಕ್ ಏನೆಂದು ಅವಳಿಗೆ ಗೊತ್ತಿತ್ತು. ಹೇಳಬೇಡ ಎಂದು ಅವ್ವ ಹೇಳಿದ್ದಳು.

*

ಎರಡು ವರ್ಷದ ಹಿಂದೆ ರವಿಯ ಸ್ಟುಡಿಯೋಗೆ ಒಬ್ಬರು ಹರಿಕಥೆ ದಾಸರು ಬಂದಿದ್ದರು. ಅವರ ಕೈಯಲ್ಲಿ ಬಳೆಯಿಲ್ಲ. ಆದರೂ ಟಿಕ್. ಮೈಸೂರಿನ ಸ್ಟುಡಿಯೋದವನೊಬ್ಬ ಬಂದು ನೋಡಿ, ಪವರ್ ಉಳಿಸುವ ಸೆಟ್ಟಿಂಗ್ ತೆಗೆದು ಪ್ರೊಸೆಸರ್ ಸದಾ ಪೂರ್ತಿ ವೇಗದಲ್ಲಿ ಓಡುವ ಹಾಗೆ ಮಾಡಿದ. ಟಿಕ್ ನಿಂತುಹೋಯಿತು. ಹಾಡುವವರು ಉಸಿರು ತೆಗೆದುಕೊಳ್ಳುವಾಗ ಪ್ರೊಸೆಸರ್ ತೂಕಡಿಸುತ್ತಿತ್ತು. ದನಿ ಎದ್ದಾಗ ದಿಗ್ಗನೆ ಏಳುವಷ್ಟರಲ್ಲಿ ದನಿಯ ಒಂದು ಚೂರು ತಪ್ಪಿ ಹೋಗುತ್ತಿತ್ತು. ಆ ತಪ್ಪಿದ ಜಾಗವೇ ಟಿಕ್ ಎನ್ನುತ್ತಿದ್ದುದು. ಕರೆಂಟಿದ್ದಾಗ ಲ್ಯಾಪ್‌ಟಾಪಿಗೆ ಚಾರ್ಜು ಉಳಿಸುವ ಗೊಡವೆಯಿರಲಿಲ್ಲ, ಟಿಕ್ಕೂ ಇರಲಿಲ್ಲ. ಸಿ.ಡಿ. ಕವರು ಟೈಪು ಮಾಡಿಸಲು ನರಸೀಪುರಕ್ಕೆ ಬಂದಾಗ ರವಿ ಇದನ್ನು ರೋಜಾಳಿಗೆ ನಗುತ್ತ ಹೇಳಿದ್ದ. "ಒಂದೇ ಒಂದ್ ಕ್ಲಿಕ್ಕು ಕಣೇ!"

ರೋಜಾ ಆ ಸಂಜೆಯೇ ಊರಿಗೆ ಓಡಿ ಬಂದು ಅವ್ವನಿಗೆ ಹೇಳಿದಳು. ಮಾದಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅಂಗಾರೆ ಬಳೆ ಸದ್ದಲ್ವಾ ಅದು?"

"ಅಲ್ಲ ಕಣವ್ವ. ಅದ ಊರ್ಗೆಲ್ಲ ಯೋಳ್ತೀನಿ."

"ಯೋಳ್ಬ್ಯಾಡ."

"ಯಾಕವ್ವ?"

ಮಾದಮ್ಮ ಒಂದು ಹುಳುಕು ಕಾಯನ್ನು ಎತ್ತಿ ಬೇರೆ ಇಟ್ಟಳು. "ಈಗ ಪದಕ್ಕೋಸ್ಕರ ಬಿಚ್ಚುದ್ಲು ಅಂತವ್ರೆ. ಆಮೇಲೆ ಸುಮ್ಕೆ ಬಿಚ್ಚುದ್ಲು ಅಂತಾರೆ."

*

"ಅದು ಬಳೆ ಸದ್ದಲ್ಲ!" ರೋಜಾಳ ಬಾಯಿಂದ ಬಂದೇ ಬಿಟ್ಟಿತು. "ಆ ಪದ ಆಡ್ವಾಗ ಅವ್ವನ ಕೈಯಾಗೆ ಬಳೆನೇ ಇರ್ನಿಲ್ಲ ದೊಡ್ಡಪ್ಪ. ಅದು ಕಂಪ್ಯೂಟ್ರು ಸದ್ದು. ಬಾವ, ಯೋಳಿ ನೀವೇ!"

ಎಲ್ಲರೂ ರವಿಯ ಕಡೆ ತಿರುಗಿದರು. ಅವನು ಸ್ಪೀಕರಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಊಂ. ಕಂಪ್ಯೂಟ್ರುದೇ. ಒಂದ್ ಸೆಟ್ಟಿಂಗು... ಕರೆಂಟ್ ಉಳಿಸಾಕೆ ಅಂತ ಆಕಿದ್ದೆ."

"ಅಂಗಾರೆ ಬಳೆ ಬಿಚ್ಚೋ ಕೆಲ್ಸನೇ ಇರ್ನಿಲ್ಲ ಅನ್ನು," ಎಂದ ಹುಚ್ಚಯ್ಯ.

ರವಿ ತಲೆ ಎತ್ತಲಿಲ್ಲ. "ಇರ್ನಿಲ್ಲ ಮಾವ."

ಹುಚ್ಚಯ್ಯ ಹೆಂಗಸರ ಕಡೆ ತಿರುಗಿದ. ದನಿ ಜೋರು ಮಾಡಲಿಲ್ಲ. "ಕೇಳಿದ್ರಾ? ಸುಮ್ಕೆ ಬಿಚ್ಚುದ್ಲಂತೆ. ನನ್ ತಮ್ಮ ಸುಮ್ಕೆ ಸತ್ತ."

ತಮಟೆಯವರಲ್ಲಿ ಯಾರೋ ಕಿಸಕ್ಕೆಂದರು. ಸತ್ತಮನೆಯೆಂದು ನೆನಪಾಗಿ ಕೆಮ್ಮಿದರು. "ಕರೆಂಟ್ ಉಳಿಸಾಕೋಗಿ ಗಂಡನ್ನ ಕಳ್ಕಂಡ್ಲು," ಎಂದಳು ಗೋಡೆಯ ಪಕ್ಕದವಳು. ಆ ಮಾತು ಅಂಗಳ ದಾಟಿ ಬೀದಿಗೆ ಹೋಯಿತು. ಇನ್ನು ಅದು ಊರಿನ ಮಾತು.

ಹುಚ್ಚಯ್ಯ ರೋಜಾಳ ಕೈಯಿಂದ ಪೊಟ್ಟಣ ಕಿತ್ತುಕೊಂಡು ಅಂಗಳದ ಒರಳುಕಲ್ಲಿಗೆ ಕುಕ್ಕಿದ. ಗಾಜು ಝಲ್ಲೆಂದಿತು. ಸ್ಪೀಕರಿನೊಳಗಿನ ಟಿಕ್‌ಗೂ ಈ ಸದ್ದಿಗೂ ಎಲ್ಲಿಯ ಹೋಲಿಕೆ. ಕಿವಿಯಿದ್ದವರಿಗೆಲ್ಲ ಅದು ಕೇಳಿಸಿತು. ಅವ್ವನ ಗೆಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಬಳೆಯನ್ನು ತೆಗೆಯಲು ಬಾರದೆ ಅಲ್ಲೇ ಕಲ್ಲಿನಿಂದ ತಟ್ಟಿ ಒಡೆದರು. ಸತ್ತ ಚರ್ಮ ಸ್ವಲ್ಪ ಹರಿಯಿತು. ರಕ್ತ ಬರಲಿಲ್ಲ.

ಮಾದಮ್ಮನನ್ನು ಬರಿಗೈಯಲ್ಲೇ ಎತ್ತಿದರು. ಸಿ.ಡಿ. ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಖಾಲಿ ಅಂಗಳಕ್ಕೆ ಅವಳು ಮದುಮಗಳನ್ನು ಹಸೆಗೆ ಕರೆಯುತ್ತಲೇ ಇದ್ದಳು.

*

ಸಂಜೆ ಮಿಂದು ಬಂದ ರೋಜಾ ಒಲೆ ಹಚ್ಚದ ಮನೆಯ ಹೊಸ್ತಿಲಲ್ಲಿ ಕೂತಳು. ದೊಡ್ಡಪ್ಪನ ಮನೆಯಿಂದ ಯಾರೂ ಬರಲಿಲ್ಲ. ನೆಂಟರು ಕೊನೆಯ ಬಸ್ಸಿಗೆ ಹೋಗಿದ್ದರು. ಒರಳುಕಲ್ಲಿನ ಸುತ್ತ ಹಸಿರು ಚೂರುಗಳು ಬಿದ್ದಿದ್ದವು; ಗುಡಿಸಿದರೆ ಸದ್ದಾಗುತ್ತದೆಂದು ಅವಳು ಪೊರಕೆ ಮುಟ್ಟಿರಲಿಲ್ಲ. 'ಯೋಳ್ಬ್ಯಾಡ' ಎಂದಿದ್ದಳು ಅವ್ವ.

ಎದುರುಮನೆಯ ಬಾಗಿಲು ತೆರೆಯಿತು. ಮಂಚಮ್ಮ ಬೀದಿ ದಾಟಿ ಬಂದಳು. ಕೈಯಲ್ಲಿ ತಟ್ಟೆ, ಅದರಲ್ಲಿ ಎರಡು ಮುದ್ದೆ, ಹುರುಳಿಕಾಳಿನ ಸಾರು. ರೋಜಾ ತಲೆಯೆತ್ತಲಿಲ್ಲ. ಹತ್ತಿರ ಬಂದದ್ದೇ ಗೊತ್ತಾಗಲಿಲ್ಲವಲ್ಲ ಎಂದುಕೊಂಡು, ತಟ್ಟೆ ಹಿಡಿದು ಚಾಚಿದ ಕೈಗಳನ್ನು ನೋಡಿದಳು.

ಅಂದು ಸ್ಟುಡಿಯೋದಲ್ಲಿ ಮಾಡಿದ ಹಾಗೆ ಮಂಚಮ್ಮ ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಸದ್ದಾಗದಂತೆ ಹಳೆ ಸೀರೆಯ ತುಂಡಿನಿಂದ ಬಿಗಿಯಾಗಿ ಸುತ್ತಿ ಕಟ್ಟಿಕೊಂಡಿದ್ದಳು.

ರೋಜಾ ತಟ್ಟೆ ತೆಗೆದುಕೊಂಡಳು.